ಬೆನ್ನಿನ ಜಿಪ್ಪು

ಪುಟ್ಟಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಮದುವೆಯಾಯಿತು. ಹೆಸರಿಗೆ ಪುಟ್ಟಿ, ತಲೆಯಲ್ಲಿ ಅರ್ಧ ಬೆಳ್ಳಿ. ಮನೆಯಲ್ಲಿ ಅಕ್ಕ ಕರೆದ ಹೆಸರು ಹೇಗೋ ಹೊಸಿಲು ದಾಟಿ ಹೋಗಿ, ಅವಳು ಲೆಕ್ಕ ಕಲಿಸುತ್ತಿದ್ದ ಶಾಲೆಯ ಮಕ್ಕಳೂ ಮರೆಯಲ್ಲಿ ಪುಟ್ಟಿ ಮಿಸ್ ಎನ್ನುತ್ತಿದ್ದರು. ಸಡಿಲವಾದ ಕನ್ನಡಕದ ಕಡ್ಡಿಯನ್ನು ಬಿಗಿ ಮಾಡಿಸಲು ಹೋದವಳು ಆ ಅಂಗಡಿಯವನನ್ನೇ ಮೆಚ್ಚಿ ಬಂದಳು. ಅವನು ಹೆಂಡತಿಯನ್ನು ಕಳೆದುಕೊಂಡು ಕೆಲವು ವರ್ಷಗಳಾಗಿದ್ದ ಮೃದು ಮಾತಿನ ಮನುಷ್ಯ. ಮಾತಾಡುವಾಗಲೂ ಎದುರಿನವರ ಕನ್ನಡಕ ನೆಟ್ಟಗಿದೆಯೇ ಎಂದು ನೋಡುತ್ತಿದ್ದ, ಅಷ್ಟು ಬಿಟ್ಟರೆ ಅವನಲ್ಲಿ ಹೇಳಿಕೊಳ್ಳುವಂಥ ಕೊರತೆ ಏನೂ ಇರಲಿಲ್ಲ.

ಅಕ್ಕನಿಗೆ ಐವತ್ತೆರಡು. ಅವಳಿಗೆ ಮದುವೆಯಾಗಿರಲಿಲ್ಲ. ಒಪ್ಪಿದವನು ಬರಲಿಲ್ಲ, ಬಂದವನನ್ನು ಒಪ್ಪುವ ಮನಸ್ಸಾಗಲಿಲ್ಲ, ಅಷ್ಟರಲ್ಲಿ ಕೇಳುವವರೂ ಸುಮ್ಮನಾದರು. ಅಪ್ಪ ಅಮ್ಮ ಹೋದ ಮೇಲೆ ಅಕ್ಕ ತಂಗಿ ಇಬ್ಬರೇ ಆ ಮೂರನೆಯ ಮಹಡಿಯ ಮನೆಯಲ್ಲಿ, ಒಬ್ಬಳ ಚಪ್ಪಲಿ ಇನ್ನೊಬ್ಬಳು ಮೆಟ್ಟಿಕೊಂಡು, ಒಂದೇ ಛತ್ರಿಗಾಗಿ ಜಗಳಾಡಿಕೊಂಡು ಇದ್ದುಬಿಟ್ಟಿದ್ದರು. ಹೊಸ ನೆಂಟನನ್ನು ಏನೆಂದು ಕರೆಯುವುದು ಎಂಬುದೇ ಅಕ್ಕನಿಗೆ ಮೊದಲ ತಲೆನೋವಾಯಿತು. ಸಂಬಂಧದಲ್ಲಿ ಮೈದುನ, ವಯಸ್ಸಿನಲ್ಲಿ ತನಗಿಂತ ದೊಡ್ಡವನು. ಏಕವಚನ ಬಾಯಿಗೆ ಬಾರದು, ಬಹುವಚನ ಸಂಬಂಧಕ್ಕೆ ಒಗ್ಗದು. ಕೊನೆಗೆ ಏನೂ ಕರೆಯದೆ, ಒಮ್ಮೆ ಕೆಮ್ಮಿ ಮಾತು ಶುರುಮಾಡುವುದನ್ನು ರೂಢಿ ಮಾಡಿಕೊಂಡಳು. ಅವನು ಪಾಪ, ಕೆಮ್ಮಿಗೆ ಜೇನುತುಪ್ಪ ಒಳ್ಳೆಯದು ಎಂದು ಹೇಳಿದ.

ಮದುವೆಯ ಉಡುಪನ್ನು ಅಕ್ಕನೇ ಚಿತ್ರ ಬರೆದು, ಅಕ್ಕನೇ ಹೊಲಿದಳು. ಸಂತೋಷದಿಂದಲೇ ಹೊಲಿದಳು. ಪುಟ್ಟಿ ಅದನ್ನು ತೊಟ್ಟು ನಿಂತಾಗ ಕಣ್ಣು ತುಂಬಿ ಬಂದದ್ದೂ ಸುಳ್ಳಲ್ಲ. ತೊಡಕು ಇದ್ದದ್ದು ಅಲ್ಲಿಯೇ. ತಂಗಿ ಜಗಳವಾಡಿ ಹೋಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಅಳಬಹುದಿತ್ತು. ನಗುನಗುತ್ತಾ, ತಬ್ಬಿಕೊಂಡು, ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿಟ್ಟು ಹೋದವಳ ಮೇಲೆ ಏನೆಂದು ದೂರುವುದು? ಯಾರನ್ನೂ ಬೈಯಲಾಗದ ದುಃಖಕ್ಕೆ ಬಾಯಿಲ್ಲ. "ಇನ್ನು ನಿಮ್ಮ ಜವಾಬ್ದಾರಿ ಮುಗೀತು, ಆರಾಮಾಗಿರಿ" ಎಂದರು ಎಲ್ಲರೂ. ಅಕ್ಕ ಹೂಂಗುಟ್ಟಿದಳು.

ಅಕ್ಕ ಕೆಲಸ ಮಾಡುತ್ತಿದ್ದುದು ಹೆಂಗಸರ ಸಿದ್ಧ ಉಡುಪು ತಯಾರಿಸುವ ಕಂಪನಿಯಲ್ಲಿ. ಪ್ರತಿ ಋತುವಿಗೂ ಒಂದು ಕಟ್ಟು ಹೊಸ ಉಡುಪುಗಳನ್ನು ಕಲ್ಪಿಸಿ, ಚಿತ್ರ ಬರೆದು, ಬಟ್ಟೆ ಆರಿಸಿ, ಮೊದಲ ಮಾದರಿಯಿಂದ ಕೊನೆಯ ಹೊಲಿಗೆಯ ತನಕ ಬೆನ್ನುಹತ್ತಿ ನಡೆಸುವುದು ಅವಳ ಕೆಲಸ. ಹೊರಗಿನ ವ್ಯಾಪಾರಿಗಳು ಬರುವ ದಿನ ಅವಳು ಬೂದು ಬಣ್ಣದ ಒಂದು ಡ್ರೆಸ್ ಹಾಕುತ್ತಿದ್ದಳು, ತಾನೇ ಮಾಡಿದ್ದು. ಸೊಂಟದಿಂದ ಕತ್ತಿನವರೆಗೆ ಬೆನ್ನ ಮೇಲೆ ಉದ್ದಕ್ಕೂ ಜಿಪ್ಪು. ಅದನ್ನು ಎಳೆಯುವುದು ಪುಟ್ಟಿಯ ಬೆಳಗಿನ ಕೆಲಸವಾಗಿತ್ತು. ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಕಚ್ಚಿಕೊಂಡೇ ಬಂದು, "ಉಸಿರು ಎಳ್ಕೋ ಅಕ್ಕ" ಎಂದು ಒಂದೇ ಎಳೆತಕ್ಕೆ ಮುಗಿಸುತ್ತಿದ್ದಳು.

ಮದುವೆ ಮುಗಿದ ಮೇಲೆ ಮೊದಲ ಸಲ ವ್ಯಾಪಾರಿಗಳು ಬರುವ ದಿನ ಬಂತು. ಅಕ್ಕ ಆ ಡ್ರೆಸ್ ಹಾಕಿಕೊಂಡು ಕೈಯನ್ನು ಬೆನ್ನಿಗೆ ಒಯ್ದಳು. ಕೆಳಗಿನಿಂದ ಎಳೆದರೆ ಜಿಪ್ಪು ಬೆನ್ನಿನ ನಡುವಿನ ತನಕ ಬಂತು. ಮೇಲಿನಿಂದ ಕೈ ಬಗ್ಗಿಸಿದರೆ ಬೆರಳು ಅಲ್ಲಿಗೆ ಮುಟ್ಟದು. ನಡುವೆ ಒಂದು ಗೇಣು ಜಾಗ ಯಾರ ಸುಪರ್ದಿಗೂ ಸೇರದೆ ಉಳಿಯಿತು. ಜಿಪ್ಪಿನ ತುದಿಗೆ ದಾರ ಕಟ್ಟಿ ಭುಜದ ಮೇಲಿಂದ ಎಳೆದಳು. ದಾರ ಪಟ್ಟೆಂದು ಹರಿಯಿತು. ಬಾಗಿಲು ಅರ್ಧ ತೆರೆದು, ಮೆಟ್ಟಿಲ ಮೇಲೆ ಯಾರಾದರೂ ಹೆಂಗಸರ ಹೆಜ್ಜೆ ಕೇಳೀತೇ ಎಂದು ಕಿವಿಗೊಟ್ಟು ನಿಂತಳು. ಮೇಲಿನ ಮನೆಯ ಮುದುಕರು ನಾಯಿ ಹಿಡಿದುಕೊಂಡು ಇಳಿದು ಬಂದರು. ಅಕ್ಕ ಬೆನ್ನನ್ನು ಗೋಡೆಗೆ ಒತ್ತಿ, ಬೀಗದ ಕೈ ಹುಡುಕುವವಳ ಹಾಗೆ ಚೀಲದಲ್ಲಿ ಕೈಯಾಡಿಸಿದಳು. ಅವರು ನಮಸ್ಕಾರ ಹೇಳಿದರು. ನಾಯಿ ಮಾತ್ರ ಏನೋ ಗೊತ್ತಾದಂತೆ ತಿರುಗಿ ನೋಡಿತು.

ಅಂದು ಅವಳು ಡ್ರೆಸ್ಸಿನ ಮೇಲೆ ಕೋಟು ಹಾಕಿಕೊಂಡು ಹೋದಳು. ಬಸ್ಸಿನಲ್ಲಿ ಬೆನ್ನಿನ ತೆರೆದ ಜಾಗಕ್ಕೆ ಕೋಟಿನ ಒಳಬಟ್ಟೆ ತಣ್ಣಗೆ ತಾಗುತ್ತಿತ್ತು.

ಕಂಪನಿಯಲ್ಲಿ ಮಾದರಿ ಕೋಣೆಯ ಹುಡುಗಿಯೊಬ್ಬಳಿದ್ದಳು. ಅವಳ ಮೈಯಳತೆ ಕಂಪನಿಯ ಮಧ್ಯಮ ಅಳತೆಗೆ ಸೂಜಿಮೊನೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಹೊಂದುತ್ತಿದ್ದುದರಿಂದ ಹೊಸ ಉಡುಪುಗಳನ್ನೆಲ್ಲ ಅವಳ ಮೇಲೆಯೇ ತೊಡಿಸಿ ನೋಡುತ್ತಿದ್ದರು. ಎಲ್ಲರೂ ಅವಳನ್ನು ಮೀಡಿಯಂ ಎಂದೇ ಕರೆಯುತ್ತಿದ್ದರು. ಅವಳೂ ಫೋನೆತ್ತಿ "ಮೀಡಿಯಂ ಮಾತಾಡ್ತಿರೋದು" ಎನ್ನುತ್ತಿದ್ದಳು.

"ಇಷ್ಟು ಸೆಕೇಲಿ ಕೋಟು ಯಾಕೆ ಮೇಡಂ?" ಎಂದು ಕೇಳಿದಳು ಮೀಡಿಯಂ.

ಅಕ್ಕ ಅವಳನ್ನು ಬಟ್ಟೆಯ ಸುರುಳಿಗಳ ಹಿಂದೆ ಕರೆದೊಯ್ದು ಕೋಟು ತೆಗೆದು ತಿರುಗಿ ನಿಂತಳು. ಮೀಡಿಯಂ ಚಕ್ಕನೆ ಜಿಪ್ಪು ಎಳೆದು, ಮೇಲಿನ ಕೊಕ್ಕೆಯನ್ನೂ ಹಾಕಿದಳು.

"ಇದಕ್ಕೇನಾ? ನಾನೂ ಒಬ್ಳೇ ಅಲ್ವಾ ಇರೋದು. ಬಾಗಿಲ ಚಿಲಕಕ್ಕೆ ದಾರ ಕಟ್ಟಿ, ಇನ್ನೊಂದು ತುದಿ ಜಿಪ್ಪಿಗೆ ಕಟ್ಟಿ, ಮೆಲ್ಲಗೆ ಕೂತ್ಕೋತೀನಿ. ಮೇಲಕ್ಕೆ ಬರುತ್ತೆ. ಒಂದು ಸಲ ಪಕ್ಕದ ರೂಮಿನೋಳು ಬಾಗಿಲು ತೆಗೆದುಬಿಟ್ಳು, ನಾನು ಬಟ್ಟೆ ಸಮೇತ ಅವಳ ಕಾಲ ಹತ್ರ ಬಿದ್ದಿದ್ದೆ."

ಅಕ್ಕನಿಗೆ ನಗು ಬಂತು, ಜೋರಾಗಿಯೇ ನಕ್ಕಳು. ನಕ್ಕಾದ ಮೇಲೆ ಮೇಜಿನ ಮುಂದೆ ಕೂತಾಗ ಒಂದು ಯೋಚನೆ ಬಂದು ಕುಳಿತಿತು. ಇಪ್ಪತ್ತೈದು ವರ್ಷಗಳಲ್ಲಿ ತಾನು ಎಷ್ಟು ಬೆನ್ನಿನ ಜಿಪ್ಪು ಬರೆದಿರಬಹುದು? ಮುಂಭಾಗ ನಯವಾಗಿ ಕಾಣಲಿ ಎಂದು ಹೊಲಿಗೆಯನ್ನೆಲ್ಲ ಹಿಂದಕ್ಕೆ ತಳ್ಳುವಾಗ, ಅಲ್ಲಿ ಒಬ್ಬರು ನಿಂತೇ ಇರುತ್ತಾರೆ ಎಂದು ಲೆಕ್ಕ ಹಾಕಿದ್ದಳು. ಹಾಕಿದ್ದು ತನಗೇ ತಿಳಿದಿರಲಿಲ್ಲ.

ಬರುವ ಚಳಿಗಾಲದ ಉಡುಪುಗಳ ಕೆಲಸ ಆಗಷ್ಟೇ ಶುರುವಾಗಬೇಕಿತ್ತು. ಸಂಜೆ ಸಮಾರಂಭಗಳಿಗೆ ಹೋಗುವ ಡ್ರೆಸ್ಸುಗಳು ಬೇಕು ಎಂದಷ್ಟೇ ಕಂಪನಿಯ ಯಜಮಾನಿ ಹೇಳಿದ್ದರು. ಅಕ್ಕ ಮೊದಲು ಬಣ್ಣ ಹುಡುಕಿದಳು. ಒದ್ದೆ ಇಟ್ಟಿಗೆ, ಹಳೆಯ ತಾಮ್ರದ ಪಾತ್ರೆ, ಕತ್ತಲಾಗುವ ಮುಂಚಿನ ಗಿಡದ ಹಸಿರು. ಬಟ್ಟೆಯವರು ಕಳಿಸಿದ ತುಂಡುಗಳನ್ನು ಮುಷ್ಟಿಯಲ್ಲಿ ಹಿಸುಕಿ, ಬಿಟ್ಟು, ಸುಕ್ಕು ತಾನಾಗಿ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಿದಳು. ಆಮೇಲೆ ಬರೆಯಲು ಕೂತಳು. ಒಂದು ಮೈಸುತ್ತಿ ಪಕ್ಕದಲ್ಲಿ ಗಂಟು ಹಾಕುವಂಥದ್ದು. ಒಂದಕ್ಕೆ ಎದೆಯಿಂದ ಓರೆಯಾಗಿ ಇಳಿಯುವ ಗುಂಡಿಗಳ ಸಾಲು. ಒಂದಕ್ಕೆ ಎಡ ಕಂಕುಳಿನಿಂದ ಸೊಂಟಕ್ಕೆ ಇಳಿಯುವ ಜಿಪ್ಪು. ಗೋಡೆಯ ತುಂಬ ಚಿತ್ರ ಅಂಟಿಸಿದಳು. ಒಂದರಲ್ಲೂ ಕೈಗೆ ಎಟುಕದ ಜಾಗದಲ್ಲಿ ಏನೂ ಇರಲಿಲ್ಲ.

ಚಿತ್ರವನ್ನು ಕಾಗದದ ಅಳತೆಗೆ ಇಳಿಸುವವರು ಮಾಸ್ಟರು. ಅರವತ್ತು ದಾಟಿದ ಆಸಾಮಿ, ಕಿವಿಯಲ್ಲಿ ಪೆನ್ಸಿಲು, ಬಾಯಲ್ಲಿ ಗಾದೆ. ಗೋಡೆಯ ಮುಂದೆ ಕೈಕಟ್ಟಿ ನಿಂತು ಒಂದೊಂದೇ ಚಿತ್ರ ನೋಡಿದರು.

"ಅಮ್ಮಾ, ಬೆನ್ನಿಗೆ ಏನೂ ಇಟ್ಟೇ ಇಲ್ಲವಲ್ಲ. ಬೆನ್ನಿನ ಮೇಲೆ ಮುನಿಸಾ?"

"ಈ ಸಲ ಬೆನ್ನು ಚೊಕ್ಕವಾಗಿರಲಿ ಮಾಸ್ಟ್ರೇ."

"ಹಿಂದೆ ಜಿಪ್ಪಿಟ್ರೆ ನೇರ ರಸ್ತೆ, ಕಣ್ಣುಮುಚ್ಚಿ ಹೊಲೀಬಹುದು. ಪಕ್ಕದಲ್ಲಿಟ್ರೆ ಎದೆ, ಸೊಂಟ, ಕಂಕುಳು, ಬರೀ ತಿರುವು. ಹೊಲಿಯೋರು ನನ್ನ ವಂಶಕ್ಕೇ ಶಾಪ ಹಾಕ್ತಾರೆ."

"ನಿಮ್ಮ ವಂಶಕ್ಕೆ ಇದೇನು ಹೊಸದಾ?"

ಮಾಸ್ಟರು ನಕ್ಕರು. ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದಳೇನೋ ಎಂದು ಅಕ್ಕನಿಗೆ ಆಮೇಲೆ ಅನ್ನಿಸಿತು. ಯಾರೂ ಕೇಳದಿರುವುದರಲ್ಲಿ ಒಂದು ನೆಮ್ಮದಿ ಇತ್ತು, ಒಂದು ಸಣ್ಣ ಸಂಕಟವೂ ಇತ್ತು.

ಮಾಸ್ಟರು ಕಾಗದ ಕತ್ತರಿಸಿ ಕೊಟ್ಟಂತೆಲ್ಲ ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಹೊಲಿದು ನೋಡುವುದು ಪದ್ಧತಿ. ಮೀಡಿಯಂ ಆ ಬಿಳಿಚು ಬಟ್ಟೆಯ ಡ್ರೆಸ್ಸುಗಳಲ್ಲಿ ಕನ್ನಡಿಯ ಮುಂದೆ ನಿಲ್ಲುವಳು. ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವಳ ಸುತ್ತ ತಿರುಗುವಳು, ಸೀಮೆಸುಣ್ಣದಿಂದ ಗೆರೆ ಎಳೆಯುವಳು. "ಕೈ ಎತ್ತು. ಕೂತ್ಕೋ. ನೆಲದ ಮೇಲಿನ ಪಿನ್ನು ಎತ್ತು." ಪಕ್ಕದ ಜಿಪ್ಪು ಕೂತಾಗ ಉಬ್ಬಿ ನಿಂತಿತು. ಸರಿಮಾಡಿದರೆ ಎದೆಯ ಬಳಿ ಬಟ್ಟೆ ಎಳೆಯಿತು. ಅದನ್ನೂ ಸರಿಮಾಡಿದ ಮೇಲೆ ಮೀಡಿಯಂ ಮೆಲ್ಲಗೆ, "ಮೇಡಂ, ಇದು ಕಚ್ಚುತ್ತೆ" ಎಂದಳು. ಕಂಕುಳ ಕೆಳಗಿನ ಚರ್ಮ ಜಿಪ್ಪಿನ ಹಲ್ಲಿಗೆ ಸಿಕ್ಕಿ ಕೆಂಪಾಗಿತ್ತು. ಮಾಸ್ಟರು ಜಿಪ್ಪಿನ ಹಿಂದೆ ನಾಲಗೆಯಂತೆ ಒಂದು ಬಟ್ಟೆಯ ಪಟ್ಟಿ ಇಟ್ಟರು. ಹೀಗೆ ಒಂದು ಹಿಡಿದರೆ ಇನ್ನೊಂದು ಜಾರುತ್ತಾ ವಾರಗಳು ಕಳೆದವು. ದಿನವಿಡೀ ಇನ್ನೊಬ್ಬಳ ಭುಜ, ಸೊಂಟ, ಬೆನ್ನು ಮುಟ್ಟಿ ಮುಟ್ಟಿ ಕೆಲಸ ಮಾಡಿ ಮನೆಗೆ ಹೋದರೆ, ತನ್ನ ಹೆಗಲ ಮೇಲೆ ಕೈಯಿಟ್ಟು ಯಾರಾದರೂ ಮಾತಾಡಿಸಿ ಎಷ್ಟು ದಿನವಾಯಿತೆಂದು ಅಕ್ಕನಿಗೆ ನೆನಪಾಗುತ್ತಿತ್ತು. ರೇಡಿಯೋ ಹಾಕುತ್ತಿದ್ದಳು. ಹವಾಮಾನ ವರದಿಗೆ "ಹೌದಾ" ಎಂದು ಉತ್ತರ ಕೊಡುವ ಅಭ್ಯಾಸ ಹತ್ತಿತ್ತು.

ಒಂದು ಭಾನುವಾರ ಪುಟ್ಟಿ ಊಟಕ್ಕೆ ಕರೆದಳು. ಕನ್ನಡಕದವನ ಮನೆ ಊರಿನ ಆಚೆ ತುದಿಯಲ್ಲಿ, ಎರಡು ಬಸ್ಸು ಹಿಡಿಯಬೇಕು. ಹೋದಾಗ ಇಬ್ಬರೂ ಇನ್ನೂ ತಯಾರಾಗುತ್ತಿದ್ದರು, ಊಟವಾದ ಮೇಲೆ ಯಾರದೋ ಮನೆಗೆ ಹೋಗುವುದಿತ್ತು. ಪಡಸಾಲೆಯ ಕನ್ನಡಿಯ ಮುಂದೆ ಪುಟ್ಟಿ ನೀಲಿ ಡ್ರೆಸ್ಸಿನಲ್ಲಿ ನಿಂತಿದ್ದಳು. ಹಿಂದೊಮ್ಮೆ ಅವಳ ಹುಟ್ಟುಹಬ್ಬಕ್ಕೆ ಅಕ್ಕನೇ ಹೊಲಿದುಕೊಟ್ಟದ್ದು. ಗಂಡ ಕನ್ನಡಕವನ್ನು ಹಣೆಗೇರಿಸಿ, ಎರಡು ಬೆರಳಲ್ಲಿ ಜಿಪ್ಪು ಹಿಡಿದು, ಏನೋ ಲೋಕಾಭಿರಾಮ ಮಾತಾಡುತ್ತಲೇ ಎಳೆದ. ಎಳೆದು, ಕತ್ತಿನ ಬಳಿ ಸಿಕ್ಕಿಕೊಂಡ ಕೂದಲೆಳೆಯೊಂದನ್ನು ಬಿಡಿಸಿದ. ಅಷ್ಟೇ. ಅವನಿಗೂ ಅದರ ಅರಿವಿರಲಿಲ್ಲ, ಪುಟ್ಟಿಗೂ ಇರಲಿಲ್ಲ. ಅಕ್ಕ ಮಾತ್ರ ತಿರುಗಿ, ಗೋಡೆಯ ಮೇಲಿನ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಊಟ ಬಡಿಸುತ್ತಾ ಪುಟ್ಟಿ, "ಇಲ್ಲೊಂದು ರೂಮು ಖಾಲಿ ಬಿದ್ದಿದೆ ಅಕ್ಕ. ಶನಿವಾರ ಬಂದು ಸೋಮವಾರ ಇಲ್ಲಿಂದಲೇ ಕೆಲಸಕ್ಕೆ ಹೋಗ್ಬಹುದಲ್ಲ" ಎಂದಳು.

"ಅಯ್ಯೋ, ಈಗ ಕಲೆಕ್ಷನ್ ಕೆಲಸ ಕಣೇ. ಉಸಿರಾಡೋಕೆ ಪುರಸೊತ್ತಿಲ್ಲ."

"ಬೇಜಾರಾಗಲ್ವಾ ಒಬ್ಳೇ?"

"ಬೇಜಾರಾ? ಛತ್ರಿ ಈಗ ನನ್ನೊಬ್ಬಳದೇ. ಹಾಯಾಗಿದೀನಿ."

ಪುಟ್ಟಿ ನಕ್ಕಳು. ಆ ನಗು ಯಾಕೋ ಅರ್ಧಕ್ಕೇ ನಿಂತಂತಿತ್ತು. ಅಕ್ಕನಿಗೆ ಅದು ಕಂಡಿತು, ಕಂಡದ್ದರ ಅರ್ಥ ಕೆದಕುವ ಧೈರ್ಯ ಬರಲಿಲ್ಲ.

ನಿಜವಾದ ಬಟ್ಟೆಯಲ್ಲಿ ಮಾದರಿಗಳು ಸಿದ್ಧವಾದ ಮೇಲೆ ದೊಡ್ಡ ಸಭೆ. ಬರೆದ ಚಿತ್ರಗಳಲ್ಲಿ ಯಾವುದು ಉಳಿಯಬೇಕು, ಯಾವುದು ಬೀಳಬೇಕು ಎಂದು ತೀರ್ಮಾನಿಸುವುದು ಅಲ್ಲಿ. ಉದ್ದ ಮೇಜಿನ ತಲೆಯಲ್ಲಿ ಯಜಮಾನಿ ಕೂತಿದ್ದರು. ಗಂಡ ಕಟ್ಟಿದ ಕಂಪನಿಯನ್ನು ಅವರು ಹೋದ ಮೇಲೆ ತಾವೇ ನಡೆಸಿಕೊಂಡು ಬಂದ, ಮಾತು ಕಡಿಮೆಯ ಹೆಂಗಸು. ಪಕ್ಕದಲ್ಲಿ ಮಾರಾಟದ ಮುಖ್ಯಸ್ಥ. ಅವನಿಗೆ ಕಂಪನಿಯಲ್ಲಿ ಮಾತಿನಮಲ್ಲ ಎಂದು ಹೆಸರು. ನೀರನ್ನೂ ಮೀನಿಗೇ ಮಾರುವ ಗಂಟಲು.

ಮೀಡಿಯಂ ಪರದೆಯ ಹಿಂದೆ ಹೋಗಿ ಒಂದೊಂದೇ ಡ್ರೆಸ್ ಹಾಕಿಕೊಂಡು ಬರುತ್ತಿದ್ದಳು. ನಾಲ್ಕೈದು ಆದ ಮೇಲೆ ಮಾತಿನಮಲ್ಲ ಕುರ್ಚಿಯಲ್ಲಿ ಮುಂದೆ ಬಾಗಿದ.

"ಒಂದು ವಿಚಾರ ಗಮನಿಸಿದೆ. ಪ್ರತಿ ಸಲ ಇವಳ ಜೊತೆ ಜಿಪ್ಪು ಎಳೆಯೋಕೆ ಇನ್ನೊಬ್ರು ಒಳಗೆ ಹೋಗ್ತಿದ್ರು. ಇವತ್ತು ಯಾರೂ ಹೋಗ್ತಿಲ್ಲ."

"ಎಲ್ಲಾ ನನಗೇ ಎಟುಕುತ್ತೆ ಸಾರ್" ಎಂದಳು ಮೀಡಿಯಂ.

ಮಾತಿನಮಲ್ಲನ ಕಣ್ಣು ಹೊಳೆಯಿತು. "ಸಿಕ್ತು ನೋಡಿ ಕಥೆ. ಇದು ಒಂಟಿ ಹೆಂಗಸರಿಗಾಗಿ ಮಾಡಿದ ಕಲೆಕ್ಷನ್. ಅಂಗಡಿ ಗಾಜಿನ ಮೇಲೆ ದೊಡ್ಡದಾಗಿ ಬರೆಸೋಣ. ಒಬ್ಬಳೇ ಇರುವ ನಿನಗೆ, ಅಂತ. ಮೇಡಂ, ಈ ಐಡಿಯಾ ಹೇಗೆ ಬಂತು ನಿಮಗೆ? ಎರಡು ಸಾಲು ಹೇಳಿ, ಪತ್ರಿಕೆಗೆ ಕೊಡ್ತೀನಿ."

ಎಲ್ಲರೂ ಅಕ್ಕನ ಕಡೆ ನೋಡಿದರು. ಒಂಟಿ ಎಂಬ ಮಾತು ಬಿಸಿ ಇಸ್ತ್ರಿಪೆಟ್ಟಿಗೆಯ ಹಾಗೆ ಮೇಜಿನ ಮೇಲೆ ಕೂತಿತ್ತು. ಅಕ್ಕನ ಕಿವಿ ಬಿಸಿಯಾದವು. ಮೆಟ್ಟಿಲ ಬಳಿ ಗೋಡೆಗೆ ಬೆನ್ನೊತ್ತಿ ನಿಂತದ್ದು ಇವರಿಗೆಲ್ಲ ಗೊತ್ತಾಗಿಬಿಟ್ಟಿದೆಯೇನೋ ಎನಿಸಿತು.

"ಹಾಗೆ ಬರೆಸ್ಬೇಡಿ" ಎಂದಳು. ದನಿ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಅದನ್ನ ಓದಿದ ಮೇಲೆ ಯಾವ ಹೆಂಗಸು ಆ ಅಂಗಡಿ ಒಳಗೆ ಕಾಲಿಡ್ತಾಳೆ? ಕೊಂಡ್ರೆ, ನನಗೆ ಮನೇಲಿ ಯಾರೂ ಇಲ್ಲ ಅಂತ ದುಡ್ಡು ಕೊಟ್ಟು ಸಾರಿಕೊಂಡ ಹಾಗೆ. ಯಾರಿಗೆ ಬೇಕೋ ಅವರಿಗೆ ಹಾಕಿಕೊಳ್ಳುವಾಗ ತಾನಾಗೇ ಗೊತ್ತಾಗುತ್ತೆ. ಬೇಡದೋರಿಗೆ ಗೊತ್ತಾಗೋದೂ ಬೇಡ."

"ಕಥೆ ಇಲ್ದೆ ನಾನು ಏನಂತ ಮಾರ್ಲಿ?"

"ಬಣ್ಣ ಚೆನ್ನಾಗಿದೆ, ಬಟ್ಟೆ ಚೆನ್ನಾಗಿದೆ ಅಂತ ಮಾರಿ" ಎಂದರು ಯಜಮಾನಿ. ಅವರು ಅಷ್ಟು ಹೊತ್ತೂ ಹಸಿರು ಡ್ರೆಸ್ಸಿನ ಪಕ್ಕದ ಜಿಪ್ಪನ್ನು ಮೇಲೆ ಕೆಳಗೆ ಎಳೆದು ನೋಡುತ್ತಿದ್ದರು. ತಮ್ಮ ಮನೆಯ ವಿಚಾರ ಒಂದಕ್ಷರವನ್ನೂ ಆಡಿದವರಲ್ಲ, ಅಂದೂ ಆಡಲಿಲ್ಲ. ಎದ್ದು ಹೋಗುವಾಗ ಮಾತ್ರ ಅಕ್ಕನ ಬಳಿ ಒಂದು ಗಳಿಗೆ ನಿಂತು, "ಪಟ್ಟಿ ಇಟ್ಟಿದ್ದು ಒಳ್ಳೇದಾಯ್ತು. ಪಕ್ಕದ ಜಿಪ್ಪು ಕಚ್ಚುತ್ತೆ" ಎಂದು ಹೇಳಿ ಹೋದರು.

ಆದರೆ ಯಜಮಾನಿಯೂ ವ್ಯಾಪಾರಸ್ಥೆಯೇ. ಗೋಡೆ ತುಂಬಿದ್ದ ಚಿತ್ರಗಳಲ್ಲಿ ಎಂಟನ್ನು ಉಳಿಸಿದರು. ಉತ್ಪಾದನೆಯವರು ಹೊಲಿಯಲು ಹಿಡಿಯುವ ಹೊತ್ತನ್ನು ಲೆಕ್ಕ ಹಾಕಿ ಬಂದಾಗ ಅದರಲ್ಲೂ ಎರಡು ಬಿದ್ದವು. ಓರೆ ಗುಂಡಿಗಳ ಡ್ರೆಸ್ ಅಕ್ಕನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಮೊದಲು ಬಿದ್ದದ್ದು ಅದೇ. ಮತ್ತೊಂದಕ್ಕೆ ಬೆನ್ನಿಗೇ ಜಿಪ್ಪಿಟ್ಟರೆ ಉಳಿಸಿಕೊಳ್ಳಬಹುದು ಎಂದರು. ಅಕ್ಕ ಒಪ್ಪಲಿಲ್ಲ, ಅದೂ ಹೋಯಿತು. ಇಪ್ಪತ್ತೈದು ವರ್ಷಗಳಲ್ಲಿ ಇಂಥ ಎಷ್ಟನ್ನೋ ಬಿಟ್ಟುಕೊಟ್ಟಿದ್ದಳು. ಕೈತಪ್ಪಿದ್ದರ ಸುದ್ದಿಯನ್ನು ಮನೆಗೆ ಹೋಗಿ ಪುಟ್ಟಿಗೆ ಹೇಳಿ, ಇಬ್ಬರೂ ಸೇರಿ ಉತ್ಪಾದನೆಯವರನ್ನು ಬೈದು, ಚಹಾ ಕುಡಿದರೆ ಮುಗಿಯುತ್ತಿತ್ತು. ಈ ಸಲ ಒಬ್ಬಳೇ ಬೈದು ನೋಡಿದಳು. ರುಚಿ ಹತ್ತಲಿಲ್ಲ.

ಉಳಿದ ಆರಕ್ಕೆ ಮಾಸ್ಟರು ಚಿಕ್ಕ ದೊಡ್ಡ ಅಳತೆಗಳ ಕಾಗದ ಕತ್ತರಿಸಿದರು. ಬಟ್ಟೆಯ ಸುರುಳಿಗಳು ಲಾರಿಯಲ್ಲಿ ಬಂದು ಇಳಿದವು. ಕೆಳಗಿನ ಅಂತಸ್ತಿನ ಉದ್ದ ಮೇಜಿನ ಮೇಲೆ ಹಸಿರು ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಕತ್ತರಿಸುವ ಯಂತ್ರ ಅದರೊಳಗೆ ಇಳಿದಾಗ ಅಕ್ಕ ಯಾವಾಗಲೂ ಉಸಿರು ಬಿಗಿಹಿಡಿಯುತ್ತಿದ್ದಳು. ಅಲ್ಲಿಂದ ಮುಂದೆ ಉಡುಪು ಅವಳದಲ್ಲ. ಹೊಲಿಗೆ ಯಂತ್ರಗಳ ಸಾಲಿನಲ್ಲಿ ಒಬ್ಬಳು ಭುಜ ಕೂಡಿಸುವಳು, ಒಬ್ಬಳು ಲೈನಿಂಗ್ ಹಿಡಿಯುವಳು, ಒಬ್ಬಳು ದಿನವಿಡೀ ಎಡಗಡೆಯ ಜಿಪ್ಪನ್ನೇ ಹಾಕುವಳು. ಆ ಜಿಪ್ಪಿನವಳು ಅಕ್ಕನನ್ನು ಕಂಡು ಯಂತ್ರ ನಿಲ್ಲಿಸಿ, "ಇದನ್ನ ಬರೆದೋರು ನೀವೇನಾ ಮೇಡಂ? ನನ್ನ ಕಣ್ಣು ಹೋಯ್ತು" ಎಂದಳು. ಅಕ್ಕ ತಪ್ಪಾಯಿತು ಎಂದಳು. ಅವಳು ನಕ್ಕು ಮತ್ತೆ ಯಂತ್ರ ಓಡಿಸಿದಳು. ಒಬ್ಬಳ ಬೆಳಗಿನ ಪೇಚಾಟದಿಂದ ಹುಟ್ಟಿದ್ದು ಹೀಗೆ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಹೊರಟಿತು.

ಚಳಿ ಶುರುವಾದಾಗ ಅಂಗಡಿಗೆ ಬಂತು. ಹೊಸ ಉಡುಪು ಬಂದ ಮೊದಲ ಶನಿವಾರ ಪೇಟೆಯ ದೊಡ್ಡ ಅಂಗಡಿಗೆ ಹೋಗಿ, ಗಿರಾಕಿಯಂತೆ ಸುಮ್ಮನೆ ಓಡಾಡುವುದು ಅಕ್ಕನ ಹಳೆಯ ಚಾಳಿ. ಆಗೆಲ್ಲ ಪುಟ್ಟಿ ಜೊತೆಗಿರುತ್ತಿದ್ದಳು. "ಅಕ್ಕ, ಅಲ್ನೋಡು, ನಿನ್ನ ಡ್ರೆಸ್ ಮುಟ್ಟಿದ್ಳು, ಬಿಟ್ಳು" ಎಂದು ಪಿಸುಗುಟ್ಟುತ್ತಿದ್ದಳು. ಈ ಸಲ ಅಕ್ಕ ಒಬ್ಬಳೇ ಹೋಗಿ, ಹಾಕಿ ನೋಡುವ ಕೋಣೆಗಳ ಎದುರಿನ ಬೆಂಚಿನ ಮೇಲೆ ಕೂತಳು.

ಅವಳಿಗಿಂತ ಕೊಂಚ ಹಿರಿಯಳಾದ ಒಬ್ಬ ಹೆಂಗಸು ಹಸಿರು ಡ್ರೆಸ್ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹಾಕಿಕೊಂಡು ಹೊರಗೆ ಬಂದಳು. ಜಿಪ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೈಗೆ ಸಿಕ್ಕಿತ್ತು, ಎಳೆದುಕೊಂಡಿದ್ದಳು. ದೊಡ್ಡ ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದಳು. ಬೆನ್ನು ಕಾಣಲು ಕತ್ತು ಹೊರಳಿಸಿದಳು, ಆಗಲಿಲ್ಲ. ಕೊನೆಗೆ ಬೆಂಚಿನ ಕಡೆ ನೋಡಿದಳು.

"ತಪ್ಪು ತಿಳೀಬೇಡಿ, ಒಂದು ಮಾತು ಕೇಳ್ಲಾ? ಇದು ನನಗೆ ಹೊಂದುತ್ತಾ? ಅಂಗಡಿ ಹುಡುಗೀರು ಗೋಣಿಚೀಲ ಹಾಕ್ಕೊಂಡ್ರೂ ಚೆನ್ನಾಗಿದೆ ಅಂತಾರೆ."

ಅಕ್ಕ ಎದ್ದು ನಿಂತಳು. "ಒಂದು ಸಲ ತಿರುಗಿ." ಅವಳು ತಿರುಗಿದಳು. ಅಕ್ಕನ ಕೈ ಅಭ್ಯಾಸಬಲದಿಂದ ಅವಳ ಭುಜದ ಹೊಲಿಗೆಗೆ ಹೋಯಿತು. "ಇಲ್ಲಿ ಜಾರ್ತಿದೆ. ಒಂದು ಸೈಜ್ ಕಡಿಮೆ ತಗೊಳ್ಳಿ. ಈ ಹಸಿರು ನಿಮ್ಮ ಮುಖಾನ ಕಳೆಗುಂದಿಸುತ್ತೆ. ತಾಮ್ರದ ಬಣ್ಣದ್ದು ನೋಡಿ."

ಹೆಂಗಸು ಒಳಗೆ ಹೋಗಿ ತಾಮ್ರದ ಬಣ್ಣದ್ದನ್ನು ಹಾಕಿಕೊಂಡು ಬಂದಳು. ಈಗ ಸರಿಯಾಗಿತ್ತು. ಇಬ್ಬರೂ ಕನ್ನಡಿಯಲ್ಲಿ ನೋಡಿದರು.

"ನೋಡಿ ಹೇಳೋರು ಒಬ್ರು ಬೇಕು ಕಣ್ರೀ" ಎಂದಳು ಹೆಂಗಸು. "ಇಲ್ದಿದ್ರೆ ನಾನು ಹಸಿರೇ ತಗೊಂಡು ಹೋಗ್ತಿದ್ದೆ." ಅಕ್ಕನ ಕೈಯನ್ನು ಒಮ್ಮೆ ಒತ್ತಿ, ಹಣ ಕಟ್ಟುವ ಕಡೆ ನಡೆದಳು. ಈ ಉಡುಪನ್ನು ಮಾಡಿದವಳು ತಾನೇ ಎಂದು ಅಕ್ಕ ಹೇಳಲಿಲ್ಲ. ಬೆಂಚಿನ ಮೇಲೆ ಮತ್ತೆ ಕೂತಳು. ಇಷ್ಟು ತಿಂಗಳು ಜಿಪ್ಪಿನ ಹಿಂದೆ ಬಿದ್ದಿದ್ದಳು. ಜಿಪ್ಪು ಕೈಗೆ ಸಿಕ್ಕಿತು. ನೋಡುವ ಕಣ್ಣನ್ನು ಯಾವ ಮಾಸ್ಟರಿಂದ ಮಾಡಿಸಿ ತರುವುದು? ಆ ಹೆಂಗಸು ಅಪರಿಚಿತಳ ಮುಂದೆ ನಿಂತು ಕೇಳಿಬಿಟ್ಟಳು. ತನಗೆ ಒಡಹುಟ್ಟಿದವಳನ್ನು ಕೇಳಲು ನಾಲಗೆ ಏಳುತ್ತಿಲ್ಲ.

ಅಲ್ಲಿಂದಲೇ, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಪುಟ್ಟಿಗೆ ಫೋನು ಮಾಡಿದಳು. ಜನ ಚೀಲ ಹಿಡಿದು ಎರಡೂ ಕಡೆಯಿಂದ ಹಾದುಹೋಗುತ್ತಿದ್ದರು.

"ಏನಕ್ಕ, ಇಷ್ಟು ಹೊತ್ನಲ್ಲಿ?"

"ಏನಿಲ್ಲ ಕಣೇ. ಡ್ರೆಸ್ ಅಂಗಡಿಗೆ ಬಂದಿದೆ, ನೋಡೋಕೆ ಬಂದಿದ್ದೆ."

"ಅಯ್ಯೋ, ಇವತ್ತಾ? ನನಗೆ ಹೇಳೋದಲ್ವಾ."

"ನಿನ್ನ ಮನೆ ಕೆಲಸ ಇರುತ್ತೆ ಅಂತ ಸುಮ್ನಾದೆ." ಅಕ್ಕ ಜನರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. "ಪುಟ್ಟಿ, ನಾನು ಹಾಯಾಗಿದೀನಿ ಅಂದಿದ್ದು ಸುಳ್ಳು. ನೀನಿಲ್ದೆ ಮನೆ ಭಣಗುಟ್ಟುತ್ತೆ. ನೀನು ಹೋಗಬಾರದಿತ್ತು ಅಂತ ಹೇಳ್ತಿಲ್ಲ, ಖಂಡಿತ ಇಲ್ಲ. ಹಾಗೆ ಕೇಳಿಸುತ್ತೆ ಅಂತಾನೇ ಇಷ್ಟು ದಿನ ಹೇಳ್ಲಿಲ್ಲ."

ಆ ಕಡೆಯಿಂದ ಮೂಗೆಳೆದ ಸದ್ದು ಬಂತು.

"ನಾನೂ ಹೇಳಿಲ್ಲ ಅಕ್ಕ. ಇವ್ರು ಒಳ್ಳೆಯೋರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಈ ಮನೇಲಿ ಪ್ರತಿ ಡಬ್ಬಿಗೂ ಮುಂಚಿನೋರು ಇಟ್ಟ ಜಾಗ ಇದೆ. ನಾನು ಚಮಚ ಬೇರೆ ಕಡೆ ಇಟ್ರೆ ಇವ್ರು ಏನೂ ಅನ್ನಲ್ಲ, ಸುಮ್ನೆ ತಗೊಂಡು ಹಳೇ ಜಾಗಕ್ಕೆ ಇಡ್ತಾರೆ. ಊಟ ಆದ್ಮೇಲೆ ಪೇಪರ್ ಹಿಡಿದ್ರೆ ಮುಗೀತು. ನಗಾಡೋಕೆ ಒಬ್ರಿಲ್ಲ. ನಿನಗೆ ಹೇಳಿದ್ರೆ ನೀನು ನಿದ್ದೆಗೆಡ್ತೀಯ ಅಂತ..."

"ಹೇಳ್ದೇ ಇದ್ರೂ ಕೆಟ್ಟಿದೆ ಬಿಡು."

ಇಬ್ಬರೂ ನಕ್ಕರು. ನಗು ಅಳುವಿನ ಪಕ್ಕದಲ್ಲೇ ಇತ್ತು. ಬುಧವಾರ ಶಾಲೆ ಬೇಗ ಬಿಡುತ್ತದೆ, ಅಂದು ನಿನ್ನ ಕಂಪನಿಯ ಹತ್ತಿರ ಬರುತ್ತೇನೆ, ಎಲ್ಲಾದರೂ ಕೂತು ಚಹಾ ಕುಡಿಯೋಣ ಎಂದಳು ಪುಟ್ಟಿ. ಅಕ್ಕ ಆಗಲಿ ಎಂದಳು.

ತಾಮ್ರದ ಬಣ್ಣದ್ದು ಮತ್ತು ಗಂಟು ಹಾಕುವಂಥದ್ದು ಚೆನ್ನಾಗಿ ಹೋದವು, ಮತ್ತೆ ಹೊಲಿಯಲು ಬೇಡಿಕೆ ಬಂತು. ಉಳಿದ ನಾಲ್ಕು ರಿಯಾಯಿತಿ ಮಾರಾಟದಲ್ಲಿ ಕರಗಿದವು. ಬೇಸಿಗೆಯ ಉಡುಪುಗಳಲ್ಲಿ ಅರ್ಧಕ್ಕಾದರೂ ಬೆನ್ನಿನ ಜಿಪ್ಪು ಇರಲಿ ಎಂದರು ಯಜಮಾನಿ. ಅಕ್ಕ ಅರ್ಧಕ್ಕೆ ಒಪ್ಪಿದಳು. ಪುಟ್ಟಿಯ ಮನೆಯ ಆ ಖಾಲಿ ರೂಮಿಗೆ ಅವಳು ಹೋಗಿ ಇರಲಿಲ್ಲ, ಪುಟ್ಟಿ ಮತ್ತೆ ಕರೆಯಲೂ ಇಲ್ಲ. ಬುಧವಾರದ ಭೇಟಿಗಳಲ್ಲಿ ಕೆಲವು ನಡೆಯುತ್ತವೆ, ಕೆಲವು ತಪ್ಪುತ್ತವೆ. ತಪ್ಪಿದ ದಿನ ಅಕ್ಕ ಕಂಪನಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ರಸ್ತೆಯ ಆ ತುದಿಯ ತನಕ ನೋಡಿ, ಬಸ್ಸು ಹಿಡಿಯುತ್ತಾಳೆ.